ಬ್ರೇಕು ಏಕೆ ಕಿರುಚುತ್ತದೆ?

ಬೆಳಗಾವಿಯ ಟಿಳಕವಾಡಿಯಲ್ಲಿ ವಾಸಿಸುವವರಿಗೆ ರೈಲ್ವೆ ಗೇಟಿನ ಮುಂದೆ ನಿಂತು ಕಾಯುವುದು ನಿತ್ಯಕರ್ಮಗಳಲ್ಲಿ ಒಂದು. 1924ರ ಅಧಿವೇಶನದ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡಿರುವ ಕಾಂಗ್ರೆಸ್ ರಸ್ತೆಯೂ ರೈಲು ಹಳಿಗಳೂ ಜೊತೆಜೊತೆಯಾಗಿ ಸಾಗುತ್ತವೆ. ಗೇಟು ಇಳಿಯಿತೆಂದರೆ ವಾಹನಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಆಗ ಕಣ್ಣು ಮುಚ್ಚಿ ಆಲಿಸಿದರೆ ಒಂದು ವಿಚಿತ್ರವಾದ ವಾದ್ಯಮೇಳವೇ ಕೇಳಿಸುವುದು. ಬಸ್ಸು ಉಸ್ಸೆಂದು ಗಾಳಿ ಬಿಡುತ್ತದೆ. ರಿಕ್ಷಾ ಕರಕರ ಎನ್ನುತ್ತದೆ. ಯಾವುದೋ ಹಳೆಯ ಕಾರು ಹಲ್ಲು ಕಡಿದಂತೆ ಸದ್ದು ಮಾಡಿ ನಿಲ್ಲುತ್ತದೆ. ಇವುಗಳ ನಡುವೆ ಕಳೆದ ಮಳೆಗಾಲದಿಂದ ನಮಗೆ ಚಿರಪರಿಚಿತವಾದ ಇನ್ನೊಂದು ದನಿಯಿತ್ತು. ಅದು ನಮ್ಮ ಬೀದಿಯ ತರಕಾರಿ ವ್ಯಾಪಾರಿಯೊಬ್ಬರ ಪಿಕಪ್ ಗಾಡಿಯ ಹಿಂದಿನ ಬ್ರೇಕಿನ ಕಿರುಚಾಟ. ಗಾಡಿ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಅದರ ಆಗಮನ ಇಡೀ ಬೀದಿಗೆ ತಿಳಿಯುತ್ತಿತ್ತು.

ಈ ಗಾಡಿ ಬೆಳಗಿನ ಜಾವ ಬೆಳಗಾವಿಯಲ್ಲಿ ತರಕಾರಿ ಹೇರಿಕೊಂಡು ಜಾಂಬೋಟಿ, ಕಣಕುಂಬಿಗಳ ಮಾರ್ಗವಾಗಿ ಚೋರ್ಲಾ ಘಾಟನ್ನು ಇಳಿದು ಗೋವೆಗೆ ಹೋಗುತ್ತದೆ. ಮಧ್ಯಾಹ್ನ ಖಾಲಿಯಾಗಿ ಹಿಂದಿರುಗುತ್ತದೆ. ಒಡೆಯರು ಬ್ರೇಕನ್ನು ಅಲಕ್ಷಿಸಿದವರಲ್ಲ. ಮೊದಲನೆಯ ಸಲ ಹಿಂದಿನ ಎರಡೂ ಚಕ್ರಗಳ ಷೂಗಳನ್ನು ಬದಲಾಯಿಸಿದರು. ಮೂರು ವಾರ ನಿಶ್ಶಬ್ದವಾಗಿತ್ತು. ನಾಲ್ಕನೆಯ ವಾರ ದನಿ ಮರಳಿತು. ಎರಡನೆಯ ಸಲ ಷೂಗಳ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ, ಮೈಯನ್ನು ಮರಳುಕಾಗದದಿಂದ ತಿಕ್ಕಿದರು. ಮತ್ತೆ ಒಂದು ತಿಂಗಳು ಶಾಂತಿ, ಮತ್ತೆ ಕಿರುಚಾಟ. ಮೂರನೆಯ ಸಲ ಸ್ಪ್ರಿಂಗುಗಳು ಹೊಸವಾದವು. ಫಲ ಮಾತ್ರ ಬದಲಾಗಲಿಲ್ಲ. “ಸರ, ಮೂರ ಸಲ ರೊಕ್ಕಾ ಹಾಕೇನ್ರಿ. ತಿಂಗಳಾದ ಮ್ಯಾಲೆ ಮತ್ತ ಅದ ಹಾಡು,” ಎಂದು ಅವರು ನಮ್ಮಲ್ಲಿ ತೋಡಿಕೊಂಡರು. ಬ್ರೇಕು ಹಿಡಿಯುತ್ತಿದೆಯಲ್ಲಾ, ಸದ್ದು ಮಾಡಿದರೆ ಮಾಡಲಿ ಎಂಬ ನಿರ್ಧಾರಕ್ಕೆ ಅವರು ಬರುವುದರಲ್ಲಿದ್ದರು. ಡ್ರೈವರನಂತೂ ಗಾಡಿಯೊಳಗಿನ ಹಾಡಿನ ದನಿಯನ್ನು ಏರಿಸಿಕೊಂಡು ಆ ದನಿಯಿಂದ ಆಗಲೇ ಪಾರಾಗಿದ್ದ.

ನಮಗೆ ಕಳವಳವಾದದ್ದು ಇಲ್ಲಿಯೇ. ಘಾಟಿನ ತಿರುವುಗಳಲ್ಲಿ ಮೂರು ಟನ್ನು ತೂಕವನ್ನು ಹಿಡಿದು ನಿಲ್ಲಿಸಬೇಕಾದ ಅಂಗವೊಂದು ಏನನ್ನೋ ಹೇಳುತ್ತಿದೆ. ಕೇಳುವವರು ಕಿವಿ ಮುಚ್ಚಿಕೊಳ್ಳುತ್ತಿದ್ದಾರೆ. ನಾವು ಮೋಟಾರು ದುರಸ್ತಿ ಬಲ್ಲವರಲ್ಲ. ಆ ವಿದ್ಯೆ ಮಿಸ್ತ್ರಿಯವರ ಕೈಯಲ್ಲಿದೆ. ಆದರೆ ಶಬ್ದವೆಂಬುದು ಭೌತಶಾಸ್ತ್ರದ ವಿಷಯವಾದ್ದರಿಂದ ಅದರ ಜಾಡನ್ನು ಹಿಡಿದು ಹೋಗಲು ಯತ್ನಿಸಿದೆವು. ಹೇಗೆಂಬುದನ್ನು ಹೇಳುವುದಕ್ಕೆ ಮೊದಲು ಈ ಬ್ರೇಕಿನ ಒಳಗೆ ಏನಿದೆಯೆಂಬುದನ್ನು ನೋಡಬೇಕು.

ಪಿಕಪ್ಪಿನಂಥ ಗಾಡಿಗಳ ಹಿಂದಿನ ಚಕ್ರಗಳಿಗೆ ಸಾಮಾನ್ಯವಾಗಿ ಡ್ರಮ್ ಬ್ರೇಕು ಇರುತ್ತದೆ. ಇದರ ಮೂಲರೂಪವನ್ನು 1902ರಲ್ಲಿ ಫ್ರಾನ್ಸಿನ ಲೂಯಿ ರೆನೊ ರೂಪಿಸಿದರು. ಅಗಲವಾದ ಒಂದು ಪಾತ್ರೆಯನ್ನು ಅಡ್ಡಲಾಗಿ ನಿಲ್ಲಿಸಿ ಚಕ್ರದೊಡನೆ ತಿರುಗುವಂತೆ ಬಿಗಿದಿದೆಯೆಂದು ಭಾವಿಸಿರಿ. ಅದೇ ಡ್ರಮ್ಮು. ಅದರೊಳಗೆ ಚಂದ್ರಕಲೆಯ ಆಕಾರದ ಎರಡು ಷೂಗಳು ಎದುರುಬದುರಾಗಿ ಕುಳಿತಿರುತ್ತವೆ. ಅವುಗಳ ಹೊರಮೈಗೆ ಘರ್ಷಣೆಯ ಪದರವೊಂದನ್ನು, ಅಂದರೆ ಲೈನಿಂಗನ್ನು, ಅಂಟಿಸಿರುತ್ತಾರೆ. ಷೂಗಳು ಚಕ್ರದೊಡನೆ ತಿರುಗುವುದಿಲ್ಲ. ಅವುಗಳ ಕೆಳತುದಿ ಒಂದು ಆಧಾರಕ್ಕೆ ಒರಗಿರುತ್ತದೆ. ಮೇಲ್ತುದಿಗಳ ನಡುವೆ ಒಂದು ಪುಟ್ಟ ಸಿಲಿಂಡರು ಇರುತ್ತದೆ. ಪೆಡಲನ್ನು ತುಳಿದಾಗ ಎಣ್ಣೆಯ ಒತ್ತಡದಿಂದ ಈ ಸಿಲಿಂಡರಿನ ಎರಡು ಕೊಂತಗಳು ಎಡಕ್ಕೂ ಬಲಕ್ಕೂ ಸರಿದು ಷೂಗಳನ್ನು ಡ್ರಮ್ಮಿನ ಒಳಗೋಡೆಗೆ ಒತ್ತುತ್ತವೆ. ಎರಡು ಕೊಂತಗಳಿಗೂ ಒಂದೇ ಎಣ್ಣೆ ಎಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಎರಡೂ ಷೂಗಳನ್ನು ಒಂದೇ ಬಲದಿಂದ ತಳ್ಳಿದರೂ ಅವೆರಡೂ ಸಮನಾಗಿ ದುಡಿಯುವುದಿಲ್ಲ. ಡ್ರಮ್ಮು ತಿರುಗುತ್ತ ಒಂದು ಷೂವನ್ನು ತನ್ನ ಕಡೆಗೆ ಮತ್ತಷ್ಟು ಸೆಳೆದುಕೊಳ್ಳುತ್ತದೆ. ಇನ್ನೊಂದನ್ನು ದೂರ ನೂಕುತ್ತದೆ. ಮೊದಲನೆಯದನ್ನು ಮುಂಚೂಣಿಯ ಷೂ ಎಂದೂ ಎರಡನೆಯದನ್ನು ಹಿಂಬಾಲದ ಷೂ ಎಂದೂ ಕರೆಯೋಣ. ಸನ್ನೆಗೋಲಿನ ನಿಯಮವನ್ನು ಬಲ್ಲವರು ಇದನ್ನು ಸುಲಭವಾಗಿ ಲೆಕ್ಕಹಾಕಬಹುದು. ಆಧಾರದಿಂದ ಕೊಂತದ ಬಲಕ್ಕೆ 20 ಸೆಂಟಿಮೀಟರು, ಡ್ರಮ್ಮಿನ ಎದುರೊತ್ತಡಕ್ಕೆ 10 ಸೆಂಟಿಮೀಟರು, ಘರ್ಷಣೆಯ ಬಲಕ್ಕೂ 10 ಸೆಂಟಿಮೀಟರು ದೂರವಿದೆಯೆಂದೂ ಘರ್ಷಣಾಂಕ 0.4 ಎಂದೂ ಇಟ್ಟುಕೊಳ್ಳೋಣ. ಮುಂಚೂಣಿಯ ಷೂವಿನಲ್ಲಿ ಘರ್ಷಣೆಯು ಕೊಂತಕ್ಕೆ ನೆರವಾಗುವುದರಿಂದ ಒತ್ತಡವು ಕೊಂತದ ಬಲದ 20/6, ಅಂದರೆ ಸುಮಾರು 3.3ರಷ್ಟು ಆಗುವುದು. ಹಿಂಬಾಲದ ಷೂವಿನಲ್ಲಿ ಘರ್ಷಣೆ ಎದುರಾಗುವುದರಿಂದ ಅದು 20/14, ಅಂದರೆ 1.4ರಷ್ಟು ಮಾತ್ರ. ಘರ್ಷಣಾಂಕವು 0.6ಕ್ಕೆ ಏರಿದರೆ ಮೊದಲನೆಯದು 3.3ರಿಂದ 5ಕ್ಕೆ ಜಿಗಿಯುತ್ತದೆ. ಈ ಷೂ ಬಹಳ ಉಪಕಾರಿ, ಆದರೆ ಬಹಳ ಮುಂಗೋಪಿ. ಗಾಡಿಯನ್ನು ಹಿಂದಕ್ಕೆ ಓಡಿಸಿದಾಗ ಇವೆರಡರ ಪಾತ್ರಗಳು ಅದಲುಬದಲಾಗುವುವು.

ಇನ್ನು ದನಿಯ ವಿಚಾರ. ಉಜ್ಜುವ ವಸ್ತುಗಳೆಲ್ಲ ಕಿರುಚುವುದಿಲ್ಲ. ಮೇಜನ್ನು ಬಟ್ಟೆಯಿಂದ ಒರೆಸಿದರೆ ದನಿಯಿಲ್ಲ; ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚನ್ನು ಸವರಿದರೆ ಲೋಟ ಹಾಡುತ್ತದೆ. ಇದಕ್ಕೆ ಕಾರಣ, ನಿಂತಿರುವ ಎರಡು ಮೈಗಳ ನಡುವಣ ಘರ್ಷಣೆ ಜಾರುತ್ತಿರುವ ಮೈಗಳ ಘರ್ಷಣೆಗಿಂತ ಸಾಮಾನ್ಯವಾಗಿ ಹೆಚ್ಚು. ಬೆರಳು ಅಂಚನ್ನು ಕಚ್ಚಿ ತುಸು ದೂರ ಎಳೆದೊಯ್ಯುತ್ತದೆ; ಗಾಜಿನ ಸ್ಥಿತಿಸ್ಥಾಪಕತೆ ಮೇಲುಗೈಯಾದೊಡನೆ ಹಿಡಿತ ತಪ್ಪಿ ಅಂಚು ಹಿಂದಕ್ಕೆ ಪುಟಿಯುತ್ತದೆ; ಮತ್ತೆ ಹಿಡಿತ, ಮತ್ತೆ ಜಾರಿಕೆ. ಸೆಕೆಂಡಿಗೆ ನೂರಾರು ಬಾರಿ ಹೀಗಾದಾಗ ನಮಗೆ ಸ್ವರ ಕೇಳಿಸುವುದು. ಪಿಟೀಲಿನ ತಂತಿಯ ಮೇಲೆ ಕಮಾನು ಮಾಡುವುದೂ ಇದನ್ನೇ. ಸರ್ ಸಿ. ವಿ. ರಾಮನ್ ಅವರ ಹೆಸರು ಕೇಳಿದೊಡನೆ ನಮಗೆ ಬೆಳಕಿನ ಚೆದರಿಕೆ ನೆನಪಾಗುತ್ತದೆ. ಆದರೆ ಆ ಶೋಧಕ್ಕೆ ಹತ್ತು ವರ್ಷ ಮೊದಲೇ, 1918ರಲ್ಲಿ, ಅವರು ಕಮಾನಿನಿಂದ ಮಿಡಿದ ತಂತಿಗಳ ಕಂಪನವನ್ನು ಕುರಿತು ಕಲ್ಕತ್ತೆಯಿಂದ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದ್ದರು. ಪಿಟೀಲನ್ನು ನುಡಿಸುವುದಕ್ಕೆ ಯಂತ್ರವನ್ನೇ ರಚಿಸಿ, ಕಮಾನಿನ ವೇಗ, ಒತ್ತಡ, ಸ್ಥಾನ ಇವುಗಳಲ್ಲಿ ಒಂದೊಂದನ್ನೇ ಬದಲಿಸುತ್ತ ಪರಿಣಾಮವನ್ನು ಅಳೆದರು. ತರಕಾರಿ ಗಾಡಿಯ ಪ್ರಸಂಗದಲ್ಲಿ ಅವರ ಹೆಸರನ್ನು ಎತ್ತುವುದು ಕೆಲವರಿಗೆ ಅತಿಯೆನಿಸೀತು. ನಮಗಂತೂ ದಾರಿ ತೋರಿದ್ದು ಈ ಒಂದೊಂದನ್ನೇ ಬದಲಿಸುವ ಕ್ರಮವೇ.

ಬ್ರೇಕಿನ ಕಿರುಚಾಟ ಬ್ರೇಕಿನಷ್ಟೇ ಹಳೆಯದು. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲಿ ತಟ್ಟೆಯಾಕಾರದ ಬ್ರೇಕಿಗೆ ಹಕ್ಕುಪತ್ರ ಪಡೆದು, ಅದಕ್ಕೆ ತಾಮ್ರದ ಪದರವನ್ನು ಬಳಸಿದಾಗ ಲೋಹಕ್ಕೆ ಲೋಹ ತಾಗಿ ಸಹಿಸಲಾಗದ ಚೀತ್ಕಾರ ಹೊರಟಿತು. ಹರ್ಬರ್ಟ್ ಫ್ರೂಡ್ ಎಂಬವರು ಕಲ್ನಾರಿನ ಪದರವನ್ನು ಬಳಕೆಗೆ ತಂದ ಮೇಲೆ ಆ ಚೀತ್ಕಾರ ತಗ್ಗಿತು. ಕಲ್ನಾರಿನ ಧೂಳು ಶ್ವಾಸಕೋಶಗಳಿಗೆ ಎಂಥ ಕೇಡೆಂಬುದು ಲೋಕಕ್ಕೆ ಚೆನ್ನಾಗಿ ತಿಳಿದದ್ದು ಬಹಳ ತಡವಾಗಿ. 1961ರಲ್ಲಿ ಸ್ಪರ್ ಎಂಬ ವಿಜ್ಞಾನಿ ಇನ್ನೊಂದು ಸೂಕ್ಷ್ಮವನ್ನು ಎತ್ತಿ ತೋರಿಸಿದರು: ಉಜ್ಜುವ ತುಂಡು ತಿರುಗುವ ಮೈಗೆ ಒಂದು ಬಗೆಯ ಓರೆಯಲ್ಲಿ ಒರಗಿದ್ದರೆ, ಘರ್ಷಣಾಂಕ ಬದಲಾಗದಿದ್ದರೂ ಅದು ಕಚ್ಚಿಕೊಂಡು ಬಾಗಿ, ಬಾಗಿದ್ದರಿಂದಲೇ ಬಿಡಿಸಿಕೊಂಡು, ಮತ್ತೆ ಕಚ್ಚುತ್ತ ಕಂಪಿಸಬಲ್ಲದು. ಅಂದಮೇಲೆ ಪದರದ ಗುಣವೊಂದೇ ಸಾಲದು. ಅದು ಎಲ್ಲಿ ತಾಗುತ್ತದೆ, ಹೇಗೆ ತಾಗುತ್ತದೆ ಎಂಬುದೂ ಮುಖ್ಯ. ಮಿಸ್ತ್ರಿಗಳು ಷೂವಿನ ಅಂಚನ್ನು ಅರದಿಂದ ಓರೆಮಾಡುವುದು ಅರ್ಥವಿಲ್ಲದ ರೂಢಿಯಲ್ಲವೆಂಬುದು ಇದರಿಂದ ತಿಳಿಯುವುದು.

ಷೂವಿನ ಈ ನಡುಕ ಡ್ರಮ್ಮಿಗೆ ತಗುಲುತ್ತದೆ. ಡ್ರಮ್ಮಾದರೋ ಒಂದು ಕಡೆ ಬಾಯಿ ತೆರೆದ ಲೋಹದ ಪಾತ್ರೆ. ಗಂಟೆಯ ಹತ್ತಿರದ ಬಂಧು. ಗಂಟೆಗೆ ತನ್ನದೇ ಆದ ಸ್ವರವಿರುವಂತೆ ಇದಕ್ಕೂ ಷೂಗಳಿಗೂ ಸೇರಿ ಕೆಲವು ಸ್ವಾಭಾವಿಕ ಆವೃತ್ತಿಗಳಿರುತ್ತವೆ. ಡ್ರಮ್ಮನ್ನು ಉಕ್ಕಿನಿಂದ ಮಾಡದೆ ಬೀಡುಕಬ್ಬಿಣದಿಂದ ಎರಕಹೊಯ್ಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಬೀಡುಕಬ್ಬಿಣದಲ್ಲಿ ಶೇಕಡಾ ಮೂರರ ಆಸುಪಾಸಿನಲ್ಲಿರುವ ಇಂಗಾಲವು ಗ್ರಾಫೈಟಿನ ಸಣ್ಣ ಸಣ್ಣ ಪೊರೆಗಳಾಗಿ ಹರಡಿರುತ್ತದೆ. ಕಂಪನ ಈ ಪೊರೆಗಳಲ್ಲಿ ಸಿಕ್ಕಿ ಶಾಖವಾಗಿ ಸೋರಿಹೋಗುತ್ತದೆ. ಟಿಳಕವಾಡಿಗೆ ಹೊಂದಿಕೊಂಡಿರುವ ಉದ್ಯಮಬಾಗದ ಎರಕದ ಕಾರ್ಖಾನೆಗಳಿಗೆ ಹೋದ ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಉಕ್ಕಿನ ಸರಳನ್ನು ತೂಗಹಾಕಿ ಬಡಿದರೆ ಠಣ್ ಎಂದು ಬಹಳ ಹೊತ್ತು ಮೊಳಗುತ್ತದೆ. ಬೀಡುಕಬ್ಬಿಣದ ಸರಳು ಟಕ್ ಎಂದು ಸುಮ್ಮನಾಗುತ್ತದೆ. ಆದರೆ ಸೋರಿಹೋಗುವುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಘರ್ಷಣೆ ಒಂದೇ ಸಮನೆ ಉಣಿಸುತ್ತಿದ್ದರೆ ಬೀಡುಕಬ್ಬಿಣವೂ ಹಾಡಲೇಬೇಕು. ಈ ಹಾಡು ನಮಗೆ ಅಷ್ಟು ಕರ್ಕಶವಾಗಿರುವುದಕ್ಕೆ ನಮ್ಮ ಕಿವಿಯೂ ಪಾಲುದಾರ. ಸುಮಾರು ಎರಡೂವರೆ ಸೆಂಟಿಮೀಟರು ಉದ್ದವಾದ, ಒಂದು ತುದಿ ಮುಚ್ಚಿದ ಕಿವಿಗೊಳವೆ ಸೆಕೆಂಡಿಗೆ ಸುಮಾರು 3,400 ಕಂಪನಗಳಿಗೆ ಅನುನಾದ ನೀಡುತ್ತದೆ. ಬ್ರೇಕಿನ ಕಿರುಚಾಟಗಳಲ್ಲಿ ಬಹಳಷ್ಟು ಈ ನೆರೆಹೊರೆಯಲ್ಲಿಯೇ ಬೀಳುತ್ತವೆ.

ಈಗ ನಮ್ಮ ಗಾಡಿಗೆ ಮರಳೋಣ. ನಮ್ಮ ಮೊದಲನೆಯ ಊಹೆ ತಪ್ಪಾಗಿತ್ತೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ನೀರು. ಒದ್ದೆಯಾದ ಡ್ರಮ್ಮಿನ ಒಳಮೈಗೆ ರಾತ್ರಿ ಕಳೆಯುವುದರೊಳಗೆ ಕೆಂಪು ತುಕ್ಕಿನ ತೆಳುಪದರ ಕಟ್ಟುತ್ತದೆ, ಘರ್ಷಣಾಂಕ ಏರುತ್ತದೆ, ಮುಂಗೋಪದ ಮುಂಚೂಣಿ ಷೂ ಕಿರುಚುತ್ತದೆ. ಹತ್ತಾರು ಬಾರಿ ಬ್ರೇಕು ಹಾಕಿದರೆ ತುಕ್ಕು ಉಜ್ಜಿಹೋಗಿ ದನಿ ಅಡಗುತ್ತದೆ. ಇದು ನಿರುಪದ್ರವಿ. “ತುಕ್ಕು ಇರಬೇಕು, ಮಳೆ ನಿಂತ ಮೇಲೆ ಸರಿಹೋದೀತು” ಎಂದು ನಾವು ಗಂಭೀರವಾಗಿ ಹೇಳಿಬಿಟ್ಟೆವು. ಮಳೆ ನಿಂತಿತು; ದೀಪಾವಳಿಯೂ ಮುಗಿಯಿತು; ಬೆಳಗ್ಗೆ, ಮಧ್ಯಾಹ್ನ, ಸಂಜೆ ಎನ್ನದೆ ಬ್ರೇಕು ಕಿರುಚುತ್ತಲೇ ಇತ್ತು. ಊಹಿಸುವುದನ್ನು ಬಿಟ್ಟು ಅಳೆಯುವುದು ಲೇಸೆಂದು ಆಗ ತೋರಿತು.

ಒಂದು ಭಾನುವಾರ ಬೆಳಗ್ಗೆ ಜನವಿಲ್ಲದ ಬಯಲಿಗೆ ಗಾಡಿಯನ್ನು ಒಯ್ದೆವು. ಡ್ರೈವರನು ಗಂಟೆಗೆ 10 ಕಿಲೋಮೀಟರಿನ ವೇಗದಲ್ಲಿ ಗಾಡಿ ಓಡಿಸುತ್ತ, ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿಯೇ ಹಿಡಿದು ಸನ್ನೆಯನ್ನು ಹಗುರವಾಗಿ ಎಳೆದ. ಈ ಗಾಡಿಯ ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ, ದನಿ ಬಂದರೆ ಮುಂದಿನ ಚಕ್ರಗಳು ನಿರ್ದೋಷಿಗಳೆಂದು ಸಿದ್ಧವಾಗುವುದು. ದನಿ ಬಂತು. ಹಿಂದಕ್ಕೆ ಓಡಿಸಿದಾಗ ಬಹಳ ಕ್ಷೀಣವಾಯಿತು: ಮುಂಚೂಣಿಯ ಷೂ ಬದಲಾದುದರಿಂದ ಹಾಡುಗಾರನೂ ಬದಲಾಗಿದ್ದ. ಪೆಡಲನ್ನು ಹಗುರವಾಗಿ ತುಳಿದಾಗ ದನಿ ಜೋರು. ಬಲವಾಗಿ ತುಳಿದರೆ ದನಿಯೇ ಇಲ್ಲ. ತಂತಿಯ ಮೇಲೆ ಕಮಾನನ್ನು ಅತಿಯಾಗಿ ಒತ್ತಿದರೆ ಸ್ವರ ಕೆಡುವುದಿಲ್ಲವೆ?

ಆ ಬಳಿಕ ದನಿಯನ್ನೇ ಹಿಡಿದೆವು. ಹಿಂದಿನ ಕಾಲದಲ್ಲಾದರೆ ಇದಕ್ಕೆ ಪ್ರಯೋಗಶಾಲೆಯ ದೊಡ್ಡ ಉಪಕರಣ ಬೇಕಾಗುತ್ತಿತ್ತು. ಈಗ ಜೇಬಿನ ಫೋನು ಸಾಕು. ದನಿಯನ್ನು ಮುದ್ರಿಸಿ ಅದರ ಆವೃತ್ತಿಗಳನ್ನು ಚಿತ್ರವಾಗಿ ತೋರಿಸುವ ತಂತ್ರಾಂಶಗಳು ಪುಕ್ಕಟೆಯಾಗಿ ಸಿಗುತ್ತವೆ. ಚಿತ್ರದಲ್ಲಿ ಎರಡು ಸಂಗತಿಗಳು ಕಂಡವು. ಒಂದನೆಯದು ಶ್ರುತಿ. ಗಂಟೆಗೆ 10 ಕಿಲೋಮೀಟರು ವೇಗವಿದ್ದಾಗಲೂ 20 ಇದ್ದಾಗಲೂ ದನಿಯ ಆವೃತ್ತಿ ಸೆಕೆಂಡಿಗೆ ಸುಮಾರು 1,800 ಕಂಪನಗಳೇ. ವೇಗ ಎರಡರಷ್ಟಾದರೂ ಶ್ರುತಿ ಕದಲಲಿಲ್ಲ. ಅಂದಮೇಲೆ ಅದು ಡ್ರಮ್ಮು ಮತ್ತು ಷೂಗಳ ಸ್ವಂತ ಸ್ವರ; ಏನೇ ತಪ್ಪಿದ್ದರೂ ಆ ಬಾಯಿಂದ ಆ ಸ್ವರವೇ ಬರುವುದು. ತಪ್ಪೇನೆಂಬುದನ್ನು ಅದು ಹೇಳಲಾರದು.

ಎರಡನೆಯದು ಲಯ. ಕಿವಿಗೆ ಒಂದೇ ಎಳೆಯಾಗಿ ಕೇಳುತ್ತಿದ್ದ ದನಿ ಚಿತ್ರದಲ್ಲಿ ತುಂಡುತುಂಡಾಗಿ ಕಂಡಿತು: ದನಿ, ಬಿಡುವು, ದನಿ, ಬಿಡುವು. 10 ಕಿಲೋಮೀಟರು ವೇಗದಲ್ಲಿ ಹತ್ತು ಸೆಕೆಂಡುಗಳಿಗೆ ಸುಮಾರು 25 ತುಂಡುಗಳು. 20 ಕಿಲೋಮೀಟರು ವೇಗದಲ್ಲಿ ಸುಮಾರು 50. ಲಯ ವೇಗದೊಡನೆ ಏರಿತು. ಆದುದರಿಂದ ಅದು ಚಕ್ರದ ಸುತ್ತಿಗೆ ಸಂಬಂಧಿಸಿದ್ದು. ಎಷ್ಟು ಸುತ್ತಿಗೆ ಎಷ್ಟು ತುಂಡು? ಟಯರಿನ ಸುತ್ತಳತೆಯನ್ನು ದಾರದಿಂದ ಅಳೆದೆವು: 2.2 ಮೀಟರು. ಗಂಟೆಗೆ 10 ಕಿಲೋಮೀಟರೆಂದರೆ ಹತ್ತು ಸೆಕೆಂಡಿಗೆ 27.8 ಮೀಟರು, ಅಂದರೆ 12.6 ಸುತ್ತು. ಹನ್ನೆರಡೂವರೆ ಸುತ್ತಿಗೆ 25 ತುಂಡು. ಸುತ್ತಿಗೆ ಎರಡು!

ಈ ಎರಡು ಎಂಬ ಸಂಖ್ಯೆಯನ್ನು ಕಂಡಾಗ ನಮಗಾದ ಸಂತೋಷವನ್ನು ವಾಚಕರು ಮನ್ನಿಸಬೇಕು. ಷೂವಿನಲ್ಲಿ ಅಥವಾ ಸ್ಪ್ರಿಂಗಿನಲ್ಲಿಯೇ ದೋಷವಿದ್ದರೆ ಅವು ತಿರುಗುವ ಅಂಗಗಳಲ್ಲವಾದ್ದರಿಂದ ದನಿ ಎಡೆಬಿಡದೆ ಬರಬೇಕು. ಡ್ರಮ್ಮು ದುಂಡಗಿದ್ದು ನಡುವು ತಪ್ಪಿ ಕುಳಿತಿದ್ದರೆ, ಮುಂಚೂಣಿಯ ಷೂವಿಗೆ ಅದು ಸುತ್ತಿಗೆ ಒಂದು ಬಾರಿ ಮಾತ್ರ ಹತ್ತಿರ ಬರುವುದು. ದನಿ ಸುತ್ತಿಗೆ ಒಂದೇ. ಸುತ್ತಿಗೆ ಎರಡಾಗಬೇಕಾದರೆ ಡ್ರಮ್ಮಿನಲ್ಲಿ ಎದುರುಬದುರಾಗಿ ಎರಡು ಕಡೆ ಇಕ್ಕಟ್ಟಿರಬೇಕು. ಎಂದರೆ ಡ್ರಮ್ಮು ವೃತ್ತವಾಗಿರದೆ ತುಸು ಅಂಡಾಕಾರವಾಗಿರಬೇಕು.

ಇದನ್ನು ಇನ್ನೊಂದು ಸಾಕ್ಷಿಯಿಂದ ಪರೀಕ್ಷಿಸಬಹುದಾಗಿತ್ತು. ನಡುವು ತಪ್ಪಿದ ಡ್ರಮ್ಮು ಒಂದು ಷೂವನ್ನು ಒಳಕ್ಕೆ ಒತ್ತುವಾಗ ಎದುರಿನ ಷೂವಿಗೆ ಎಡೆಗೊಡುತ್ತದೆ. ಒಂದು ಕೊಂತ ತಳ್ಳಿದ ಎಣ್ಣೆ ಅದೇ ಸಿಲಿಂಡರಿನ ಇನ್ನೊಂದು ಕೊಂತದ ಹಿಂದೆ ಸೇರಿಕೊಳ್ಳುತ್ತದೆ. ಪೆಡಲಿಗೆ ಸುದ್ದಿ ಮುಟ್ಟುವುದಿಲ್ಲ. ಅಂಡಾಕಾರದ ಡ್ರಮ್ಮಾದರೋ ಎರಡೂ ಷೂಗಳನ್ನು ಏಕಕಾಲದಲ್ಲಿ ಒಳಕ್ಕೊತ್ತುತ್ತದೆ. ಎಣ್ಣೆಗೆ ಪೆಡಲಿನ ಕಡೆಗೆ ಹೋಗುವುದಲ್ಲದೆ ಬೇರೆ ದಾರಿಯಿಲ್ಲ. ಆಗ ತುಳಿದ ಕಾಲಿಗೆ ಪೆಡಲು ಮಿಡಿದಂತೆ ಅನಿಸಬೇಕು. ಡ್ರೈವರನನ್ನು ಕೇಳಿದೆವು. “ಹೌದ್ರಿ ಸರ, ನಾಡಿ ಬಡದಂಗ ಬಡೀತೈತ್ರಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ,” ಎಂದ. ಮೂರು ದುರಸ್ತಿಗಳಲ್ಲಿಯೂ ಈ ಸಾಕ್ಷಿ ಅವನ ಅಂಗಾಲಿನಲ್ಲಿಯೇ ಇತ್ತು.

ಮರುದಿನ ಮಿಸ್ತ್ರಿಯವರ ಬಳಿ ಗಾಡಿ ಹೋಯಿತು. ನಮ್ಮ ಸಿದ್ಧಾಂತವನ್ನು ಅವರು ನಗುಮುಖದಿಂದ ಕೇಳಿಸಿಕೊಂಡರೇ ಹೊರತು ನಂಬಿದಂತೆ ತೋರಲಿಲ್ಲ, ಅದು ಸಹಜ. ಗಾಡಿಯ ಹಿಂಭಾಗವನ್ನು ಎತ್ತಿ, ಅಡಿಯಲ್ಲಿ ಗಟ್ಟಿಯಾದ ಆಧಾರಗಳನ್ನು ಕೊಟ್ಟು, ಷೂಗಳು ಹಗುರವಾಗಿ ತಾಗುವಂತೆ ಹೊಂದಿಸಿ ಚಕ್ರಗಳನ್ನು ಕೈಯಿಂದ ತಿರುಗಿಸಿದೆವು. ಬಲಚಕ್ರ ಸರಾಗವಾಗಿ ತಿರುಗಿತು. ಎಡಚಕ್ರ ಬಿಗಿ, ಸಡಿಲ, ಬಿಗಿ, ಸಡಿಲ ಎಂದು ಸುತ್ತಿಗೆ ಎರಡು ಬಾರಿ ಕೈಯನ್ನು ತಡೆಯಿತು. ಬಿಗಿಯಾದಲ್ಲೆಲ್ಲ ಟಯರಿಗೆ ಸುಣ್ಣದಕಡ್ಡಿಯಿಂದ ಗೆರೆ ಎಳೆದೆವು. ಗೆರೆಗಳು ಎದುರುಬದುರಾಗಿಯೇ ಬಿದ್ದವು. ಮಿಸ್ತ್ರಿಯವರ ನಗು ಅಡಗಿ ಕುತೂಹಲ ಹುಟ್ಟಿದ್ದು ಆಗ.

ಡ್ರಮ್ಮನ್ನು ಬಿಚ್ಚುವಾಗ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಳಗೆ ಸೇರಿರುವ ಧೂಳನ್ನು ಗಾಳಿಯ ಕೊಳವೆಯಿಂದ ಊದುವುದು ಅನೇಕ ಕಡೆಗಳಲ್ಲಿ ರೂಢಿ. ಹಳೆಯ ಪದರಗಳಲ್ಲಿ ಕಲ್ನಾರು ಇರಬಹುದು. ಹೊಸ ಪದರಗಳ ಧೂಳೂ ಉಸಿರಿಗೆ ಹಿತವಲ್ಲ. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ. ಹಾಗೆ ಒರೆಸಿ ನೋಡಿದಾಗ ಅಚ್ಚಿನ ಎಣ್ಣೆಯಾಗಲಿ ಬ್ರೇಕಿನ ಎಣ್ಣೆಯಾಗಲಿ ಸೋರಿ ಷೂವನ್ನು ನೆನೆಸಿದ ಗುರುತಿರಲಿಲ್ಲ. ಷೂವಿನ ಪದರ ಸವೆದು ಲೋಹ ಲೋಹವನ್ನು ಕೆರೆಯುತ್ತಿದ್ದ ಲಕ್ಷಣವೂ ಇರಲಿಲ್ಲ. ಅಂಥ ಕೆರೆತದ ದನಿ ಬೇರೆಯೇ: ಸ್ವರವಿಲ್ಲದ ಗರಗರ. ಅದು ಕೇಳಿಸಿದರೆ ಲಯವನ್ನು ಎಣಿಸುತ್ತ ಕೂರದೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು.

ಎಡ ಡ್ರಮ್ಮನ್ನು ಉದ್ಯಮಬಾಗದ ಒಂದು ಲೇತಿನ ಮೇಲೆ ಕಟ್ಟಿ ಡಯಲ್ ಗೇಜಿನಿಂದ ಅಳೆಸಿದೆವು. ಒಳವ್ಯಾಸ ಸುಮಾರು 280 ಮಿಲಿಮೀಟರು. ಒಂದು ದಿಕ್ಕಿನ ವ್ಯಾಸಕ್ಕೂ ಅದಕ್ಕೆ ಅಡ್ಡಲಾದ ದಿಕ್ಕಿನ ವ್ಯಾಸಕ್ಕೂ ಇದ್ದ ಅಂತರ 0.35 ಮಿಲಿಮೀಟರು. ಕಣ್ಣಿಗೆ ಕಾಣದಷ್ಟು ಅಲ್ಪವಾದ ಈ ಅಂತರ ಬ್ರೇಕಿನ ಲೆಕ್ಕದಲ್ಲಿ ಅಲ್ಪವಲ್ಲ. ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿಯೇ ಬಲ್ಲವರು ಹುಬ್ಬೇರಿಸುತ್ತಾರೆ. ಮೂರು ದುರಸ್ತಿಗಳೂ ಒಂದೊಂದು ತಿಂಗಳು ಫಲಿಸಿದ್ದೇಕೆಂಬುದೂ ಈಗ ತಿಳಿಯಾಯಿತು. ಹೊಸ ಷೂ ಡ್ರಮ್ಮಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಅಂಚು ಓರೆಮಾಡಿದ ಷೂ ನಡುಭಾಗದಲ್ಲಿ ಮಾತ್ರ ತಾಗುತ್ತದೆ. ಮೂರು ನಾಲ್ಕು ವಾರ ಸವೆದು ಮೈಗೆ ಮೈ ಕೂಡಿದ ಮೇಲೆ ಷೂವಿನ ತುದಿಯೂ ಇಕ್ಕಟ್ಟಿನ ಜಾಗಕ್ಕೆ ತಾಗತೊಡಗುತ್ತದೆ. ಪ್ರತಿ ಸಲವೂ ಸವೆತದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಾಗಿತ್ತೇ ಹೊರತು ಡ್ರಮ್ಮನ್ನು ಯಾರೂ ಅಳೆದಿರಲಿಲ್ಲ.

ಆದರೆ ಡ್ರಮ್ಮಿನ ದುಂಡು ಕೆಟ್ಟದ್ದು ಹೇಗೆ? ಅದನ್ನು ತಿಳಿಯದೆ ಹೊಸ ಡ್ರಮ್ಮು ಹಾಕಿದರೆ ಅದಕ್ಕೂ ಅದೇ ಗತಿ ಬರುವುದಿಲ್ಲವೆ? ಇಲ್ಲಿ ಘಾಟು ನಮ್ಮ ಕತೆಯೊಳಗೆ ಬರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರು ಮೇಲಿದೆ. ಘಾಟಿನ ಬುಡದಲ್ಲಿ ಗೋವೆಯ ನೆಲ ಸಮುದ್ರಕ್ಕೆ ಸಮೀಪದ ತಗ್ಗು. ಇಳಿತವನ್ನು 700 ಮೀಟರು ಎಂದು ಹಿಡಿಯೋಣ. 3,000 ಕಿಲೋಗ್ರಾಮು ತೂಕದ ಗಾಡಿ ಅಷ್ಟು ಇಳಿದಾಗ ಬಿಟ್ಟುಕೊಡುವ ಸ್ಥಾನಶಕ್ತಿ ಎರಡು ಕೋಟಿ ಜೂಲಿಗೂ ತುಸು ಹೆಚ್ಚು. ಮನೆಯ ನೀರಿನಿಂದ 65 ಲೀಟರನ್ನು ಕುದಿಯುವ ತನಕ ಕಾಯಿಸಲು ಇಷ್ಟು ಶಕ್ತಿ ಸಾಕು. ಇದರಲ್ಲಿ ಒಂದು ಪಾಲನ್ನು ಗಾಳಿಯೂ ಟಯರುಗಳೂ ನುಂಗುತ್ತವೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ನು ದೊಡ್ಡ ಪಾಲನ್ನು ಹೊರುತ್ತದೆ. ಮುಂದಿನ ಬ್ರೇಕುಗಳು ಮತ್ತೊಂದಿಷ್ಟು. ಹಿಂದಿನ ಒಂದು ಡ್ರಮ್ಮಿಗೆ ಇಪ್ಪತ್ತನೆಯ ಒಂದು ಪಾಲು ಮಾತ್ರ ಬಂದಿತೆನ್ನೋಣ: ಹತ್ತು ಲಕ್ಷ ಜೂಲು. ಹತ್ತು ಕಿಲೋ ತೂಕದ ಬೀಡುಕಬ್ಬಿಣದ ಡ್ರಮ್ಮಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 5,000 ಜೂಲು ಬೇಕು. ಶಾಖ ಹೊರಗೆ ಹೋಗದಿದ್ದರೆ ಡ್ರಮ್ಮು 200 ಡಿಗ್ರಿ ಏರುವುದು. ಗಾಳಿ ತಾಗುವುದರಿಂದ ಅಷ್ಟು ಏರಲಿಕ್ಕಿಲ್ಲ. ಆದರೆ ನಮ್ಮ ಡ್ರೈವರನು ಕೆಳಗಿನ ಗೇರನ್ನು ಬಳಸುತ್ತಿರಲಿಲ್ಲವಾಗಿ ಅದರ ಪಾಲೂ ಇಪ್ಪತ್ತನೆಯ ಒಂದಕ್ಕಿಂತ ಹೆಚ್ಚಾಗಿದ್ದಿರಬೇಕು.

ಕಾದ ಲೋಹ ಹಿಗ್ಗುತ್ತದೆ. 280 ಮಿಲಿಮೀಟರಿನ ಡ್ರಮ್ಮು 200 ಡಿಗ್ರಿ ಕಾದರೆ ಅದರ ವ್ಯಾಸ ಸುಮಾರು 0.6 ಮಿಲಿಮೀಟರು ಹೆಚ್ಚುವುದು. ಘಾಟು ಇಳಿದೊಡನೆ ಏನು ಮಾಡುತ್ತೀಯೆಂದು ಕೇಳಿದಾಗ ಡ್ರೈವರನು ಹೇಳಿದ: ಚಹಾದಂಗಡಿಯ ಮುಂದೆ ನಿಲ್ಲಿಸಿ, ಇಳಿಜಾರಾದ್ದರಿಂದ ಹ್ಯಾಂಡ್ ಬ್ರೇಕನ್ನು ಕೈಲಾದಷ್ಟು ಬಿಗಿಯಾಗಿ ಎಳೆದು, ಅರ್ಧ ಗಂಟೆ ವಿಶ್ರಮಿಸುತ್ತೇನೆ. ಆ ಅರ್ಧ ಗಂಟೆಯಲ್ಲಿ ಡ್ರಮ್ಮಿಗೆ ಆಗುವುದೇನು? ಹಿಗ್ಗಿದ ಡ್ರಮ್ಮಿನೊಳಗೆ ಷೂಗಳನ್ನು ಹರಡಿ ಬಿಗಿಯಲಾಗಿದೆ. ಡ್ರಮ್ಮು ತಣಿದು 0.6 ಮಿಲಿಮೀಟರು ಕುಗ್ಗಬೇಕು. ಷೂಗಳು ಎರಡು ಎದುರುಬದುರಿನ ಕಡೆಗಳಲ್ಲಿ ಕುಗ್ಗಗೊಡುವುದಿಲ್ಲ. ಷೂಗಳಿಲ್ಲದ ದಿಕ್ಕಿನಲ್ಲಿ ಅಡ್ಡಿಯಿಲ್ಲ. ಪ್ರತಿದಿನವೂ ಇದೇ ಬಿಗಿತ, ಇದೇ ಎರಡು ಕಡೆಗಳ ಒತ್ತಡ. ಎಡಚಕ್ರದ ಹ್ಯಾಂಡ್ ಬ್ರೇಕಿನ ತಂತಿ ಬಲದ್ದಕ್ಕಿಂತ ಬಿಗಿಯಾಗಿ ಹೊಂದಿಸಿದ್ದುದೂ ಕಂಡುಬಂತು. ಎಡ ಡ್ರಮ್ಮೇ ಏಕೆ ಕೆಟ್ಟಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನಮಗೆ ತೋರದು.

ಡ್ರಮ್ಮನ್ನು ಲೇತಿನಲ್ಲಿ ತಿರುಗಿಸಿ ದುಂಡುಮಾಡಬಹುದಾಗಿತ್ತು. ಮಿಸ್ತ್ರಿಯವರ ಮೊದಲ ಸಲಹೆಯೂ ಅದೇ. ಆದರೆ ಗಾಡಿ ಒಡೆಯರ ಕೈಗೆ ಬರುವ ಮೊದಲೇ ಯಾರೋ ಒಮ್ಮೆ ಅದನ್ನು ತಿರುಗಿಸಿದ್ದರು. ಡ್ರಮ್ಮಿನ ಮೇಲೆ ಎರಕದಲ್ಲಿಯೇ ಮೂಡಿಸಿರುವ ಗರಿಷ್ಠ ವ್ಯಾಸವನ್ನು ಈ ಸಲ ಮೀರಬೇಕಾಗುತ್ತಿತ್ತು. ಗೋಡೆ ತೆಳುವಾದಷ್ಟೂ ಡ್ರಮ್ಮು ಬೇಗ ಕಾಯುತ್ತದೆ, ಸುಲಭವಾಗಿ ಬಾಗುತ್ತದೆ, ಹೆಚ್ಚು ಹಾಡುತ್ತದೆ. ಒಡೆಯರು ಒಂದು ಡ್ರಮ್ಮಿಗೆ ಮಾತ್ರ ಸಿದ್ಧರಾಗಿದ್ದರು. ಎಡಬಲಗಳ ಹಿಡಿತ ಬೇರೆಬೇರೆಯಾದರೆ ಒದ್ದೆ ತಿರುವಿನಲ್ಲಿ ಗಾಡಿ ಓರೆಯಾಗಿ ಎಳೆಯುವುದೆಂದು ಮಿಸ್ತ್ರಿಯವರೇ ತಿಳಿಹೇಳಿ ಎರಡನ್ನೂ ಬದಲಾಯಿಸಿದರು. ಹಿಂದಿನ ಮೂರು ದುರಸ್ತಿಗಳ ಒಟ್ಟು ವೆಚ್ಚಕ್ಕಿಂತ ಇದು ಕಡಮೆಯಾಯಿತೆಂಬುದನ್ನು ಒಡೆಯರು ಈಗಲೂ ಬೇಸರದಿಂದಲೇ ಹೇಳುತ್ತಾರೆ. ಡ್ರೈವರನು ಘಾಟನ್ನು ಎರಡನೆಯ ಗೇರಿನಲ್ಲಿ ಇಳಿಯತೊಡಗಿದ್ದಾನೆ. ಚಹಾದಂಗಡಿಯ ಮುಂದೆ ಗಾಡಿಯನ್ನು ಗೇರಿನಲ್ಲಿಯೇ ನಿಲ್ಲಿಸಿ ಚಕ್ರಗಳಿಗೆ ಎರಡು ಕಲ್ಲುಗಳನ್ನು ಕೊಡುತ್ತಾನೆ. ಹೊರಡುವಾಗ ಮರೆಯದೆ ಅವನ್ನು ದಾರಿಯಿಂದ ತೆಗೆದಿಡಬೇಕೆಂದು ಅವನಿಗೆ ಹೇಳಿದ್ದೇವೆ.

ಐದು ತಿಂಗಳಾದುವು. ಗಾಡಿ ಗೇಟಿನ ಮುಂದೆ ಬಂದು ನಿಂತರೂ ನಮಗೆ ತಿಳಿಯುವುದಿಲ್ಲ. ಮೊನ್ನೆ ಸಂಜೆ ಮಿಸ್ತ್ರಿಯವರು ಫೋನು ಮಾಡಿದರು. “ಸರ, ಖಾನಾಪುರದ್ದೊಂದು ಟೆಂಪೋ ಬಂದೈತ್ರಿ. ಎಣಿಸಿ ನೋಡೀನಿ, ಇದು ಸುತ್ತಿಗೆ ಒಂದ ಸಲ ಒದರತೈತ್ರಿ. ಡ್ರಮ್ ಬಿಚ್ಚೀನಿ, ಕೂರೂ ಜಾಗಾದಾಗ ತುಕ್ಕಿನ ಹೆಕ್ಕಳ ಸಿಕ್ಕೊಂಡೈತಿ. ತೆಗೀಲೋ, ನೀವ ಬಂದ ನೋಡತೀರೋ?” ಎಂದು ಕೇಳಿದರು. ಪಾಠ ಮುಗಿಸಿ ಬರುವ ತನಕ ಹಾಗೆಯೇ ಇಟ್ಟಿರಿ ಎಂದೆವು.